1/52 ಅಂದ್ರೆ ಎಂತ ಮಗಾ?

ದೊಡ್ಡಮ್ಮನ ಆಸ್ಪತ್ರೆ ಫೈಲು ಇರುವುದು ಜವಳಿ ಅಂಗಡಿಯ ಒಂದು ಚೀಲದಲ್ಲಿ. ಕಟಪಾಡಿಯ ಮನೆಯ ಚಾವಡಿಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ಅದನ್ನು ನೇತುಹಾಕಿದ್ದಾರೆ. ಒಳಗೆ ಎಕ್ಸ್‌ರೇ, ಸ್ಕ್ಯಾನಿಂಗ್ ಫಿಲ್ಮು, ರಕ್ತ ಪರೀಕ್ಷೆಯ ರಿಪೋರ್ಟು, ಬಿಲ್ಲು, ಹಳೆ ಚೀಟಿ, ಇವುಗಳ ನಡುವೆ ಯಾರದ್ದೋ ಮದುವೆ ಕಾಗದ. ಇಷ್ಟರಲ್ಲಿ ಕನ್ನಡದಲ್ಲಿರುವುದು ಆ ಮದುವೆ ಕಾಗದ ಒಂದೇ.

ಹೋದ ವರ್ಷ ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ, ಆಸ್ಪತ್ರೆಯ ಮಂಚದ ಮೇಲೆ ಕೂತು ದೊಡ್ಡಮ್ಮ ಆ ಚೀಲದಿಂದ ಡಿಸ್ಚಾರ್ಜ್ ಸಮ್ಮರಿ ತೆಗೆದರು. ಕೊನೆಯ ಪುಟದಲ್ಲಿ ಒಂದು ಕಡೆ ಬೆರಳಿಟ್ಟು ಕೇಳಿದರು, “ಇದು ಒಂದು ಬೈ ಐವತ್ತೆರಡು ಅಂದ್ರೆ ಎಂತ ಮಗಾ?” (ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

ಅವರಿಗೆ ಇಂಗ್ಲಿಷ್ ಬಾರದು. ಆದರೆ ಅಂಕೆ ಚೆನ್ನಾಗಿ ಬರುತ್ತದೆ. ಮೂವತ್ತು ವರ್ಷ ಬೀಡಿ ಕಟ್ಟಿದವರು. ಎಲೆ ಎಷ್ಟು ಬಂತು, ಬೀಡಿ ಎಷ್ಟು ಕೊಟ್ಟೆ, ಸರಿಯಿಲ್ಲ ಅಂತ ಎಷ್ಟು ತೆಗೆದಿಟ್ಟರು, ಎಲ್ಲ ಪುಸ್ತಕದಲ್ಲಿ ನೋಡಿ ತಾಳೆ ಹಾಕಿದವರು. ನಾಲ್ಕು ಪುಟದ ಆ ಕಾಗದದಲ್ಲಿ ಅವರಿಗೆ ಓದಲಿಕ್ಕೆ ಸಿಕ್ಕಿದ್ದು ಅಂಕೆ ಮಾತ್ರ. ಅದೂ ತಲೆಬುಡ ತಿಳಿಯದ ಅಂಕೆ.

“ಒಂದು ವಾರ ಅಂತ ದೊಡ್ಡಮ್ಮ. ವರ್ಷಕ್ಕೆ 52 ವಾರ ಅಲ್ವಾ, ಅದರಲ್ಲಿ ಒಂದು. ಡಾಕ್ಟ್ರುಗಳು ಹಾಗೆ ಬರೀತಾರೆ. ಎರಡು ದಿನಕ್ಕೆ 2/7, ಮೂರು ತಿಂಗಳಿಗೆ 3/12.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಂದು ವಾರ ಅಂತ ಬರೆದ್ರೆ ಅವರಿಗೆ ಶಾಯಿ ಜಾಸ್ತಿ ಖರ್ಚಾಗ್ತದಾ?”

ನಗು ಬಂತು. ಪೂರ್ತಿ ನಗಲಿಕ್ಕೆ ಆಗಲಿಲ್ಲ. ಯಾಕೆಂದರೆ ಅವರು ಅಡ್ಮಿಟ್ ಆಗಿದ್ದದ್ದು ಎರಡನೇ ಸಲ. ಮೊದಲ ಸಲ ಮನೆಗೆ ಕಳಿಸುವಾಗ ಕೊಟ್ಟ ಕಾಗದ ಅದು. ಒಂದು ವಾರ ಬಿಟ್ಟು ಕ್ರಿಯಾಟಿನಿನ್ ಟೆಸ್ಟ್ (ಕಿಡ್ನಿ ಹೇಗಿದೆ ಎಂದು ನೋಡುವ ರಕ್ತ ಪರೀಕ್ಷೆ, ಅಂಕೆ ಏರಿದಷ್ಟೂ ಕಿಡ್ನಿಗೆ ಕಷ್ಟ) ಮಾಡಿಸಿಕೊಂಡು ಬನ್ನಿ ಎಂದು ಅದರಲ್ಲಿತ್ತು. ನಾವು ಬಂದದ್ದು ಹತ್ತೊಂಬತ್ತು ದಿನ ಕಳೆದು, ಕಾಲು ಊದಿದ ಮೇಲೆ.

ಇದರಲ್ಲಿ ನನ್ನದೂ ಪಾಲು ಉಂಟು. ಅದನ್ನು ಹೇಳಬೇಕಾದರೆ ಮೊದಲು ನನ್ನ ಹಳೆಯ ಕೆಲಸದ ಬಗ್ಗೆ ಹೇಳಬೇಕು.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಿಗ್ರಿ ಮುಗಿಸಿ ಕೂತಿದ್ದ ಹೊತ್ತಿನಲ್ಲಿ ಮಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಎಂಬ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಫೋನಿನಲ್ಲಿ ಗಡಬಡಿಸಿ ಹೇಳಿದ್ದನ್ನು ನಾವು ಇಲ್ಲಿ ರಾತ್ರಿ ಕೂತು ಕೇಳಿ ಟೈಪ್ ಮಾಡುವುದು. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಹೊಲಿಗೆ ಮೆಶಿನಿನ ಹಾಗೆ ಒಂದು ಪೆಡಲ್. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸಾಲಿಗೆ ಇಷ್ಟು ಅಂತ ಸಂಬಳ. ಆರು ವರ್ಷ ಮಾಡಿದೆ. ಸ್ಪೆಲ್ಲಿಂಗ್ ತಪ್ಪಿದರೆ ದುಡ್ಡು ಕಡಿತ ಆಗುತ್ತಿತ್ತು. ಅರ್ಥ ಮಾಡಿಕೊಂಡರೆ ಜಾಸ್ತಿಯೇನೂ ಸಿಗುತ್ತಿರಲಿಲ್ಲ.

ಆ ಕೆಲಸದಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿದ್ದ ಮೂರಕ್ಷರ ‘ಎಸ್‌ಒಬಿ’. ಉಸಿರಾಡಲು ಕಷ್ಟ, ನಮ್ಮ ಕಡೆಯ ಮಾತಿನಲ್ಲಿ ದಮ್ಮು ಕಟ್ಟುವುದು, ಅಷ್ಟೇ ಅದರ ಅರ್ಥ. ಆದರೆ ಅಮೆರಿಕದ ಬೀದಿಯಲ್ಲಿ ಅದೇ ಮೂರಕ್ಷರ ತಾಯಿಯನ್ನು ಎಳೆದು ತರುವ ಬೈಗುಳ. ರೋಗಿಗೆ ಕಾಗದ ತೋರಿಸುವ ರೂಢಿಯೇ ಇಲ್ಲದಿದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. 2021ರ ಏಪ್ರಿಲ್‌ನಿಂದ ಅಲ್ಲಿ ಡಾಕ್ಟರು ಬರೆದದ್ದನ್ನು ರೋಗಿ ತನ್ನ ಮೊಬೈಲಿನಲ್ಲೇ ನೋಡಬಹುದು, ತಡೆಯುವ ಹಾಗಿಲ್ಲ ಎಂಬ ನಿಯಮ ಬಂತು. ಹೃದಯ ತೋರಿಸಲಿಕ್ಕೆ ಹೋದವರು ತಮ್ಮ ಹೆಸರಿನ ಪಕ್ಕ ಈ ಮೂರಕ್ಷರ ನೋಡಿದರೆ ಹೇಗಾಗಬೇಡ!

ಇನ್ನೊಂದು ಶಬ್ದ ‘ಡಿನೈಸ್’. ಪೇಶಂಟ್ ಡಿನೈಸ್ ಸ್ಮೋಕಿಂಗ್. ಬೀಡಿ ಸಿಗರೇಟು ಸೇದುವುದಿಲ್ಲ ಎಂದರು, ಅಷ್ಟೇ. ಓದಿದರೆ ಮಾತ್ರ ಪೊಲೀಸ್ ಠಾಣೆಯಲ್ಲಿ ಆರೋಪ ನಿರಾಕರಿಸಿದ ಹಾಗೆ ಕೇಳುತ್ತದೆ. ಆಗ ನನಗೆ ಇದೆಲ್ಲ ತಲೆಗೆ ಹೋಗಿರಲಿಲ್ಲ. ಪೆಡಲ್ ಒತ್ತು, ಟೈಪ್ ಮಾಡು, ಮುಂದಕ್ಕೆ ಹೋಗು.

ಆ ಕೆಲಸ ಬಿಟ್ಟು ವರ್ಷಗಳಾದವು. ಆದರೆ ನೆಂಟರಲ್ಲಿ, ನೆರೆಕರೆಯಲ್ಲಿ ನನಗೆ ಒಂದು ಹೆಸರು ಉಳಿದಿದೆ. ಇವರಿಗೆ ರಿಪೋರ್ಟ್ ಓದಲಿಕ್ಕೆ ಗೊತ್ತುಂಟು ಅಂತ. ಬಿಜೈಯ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಯಾರಾದರೂ ಒಬ್ಬರು ಲಕೋಟೆ ಹಿಡಿದು ಬಂದೇ ಬರುತ್ತಾರೆ.

ಹೀಗೆ ಬಂದವರಲ್ಲಿ ಮರೆಯಲಾಗದವರು ಹಂಚಿನ ಕಾರ್ಖಾನೆಯಿಂದ ರಿಟೈರ್ ಆದ ನೆರೆಮನೆಯ ಹಿರಿಯರು. ನಾವೆಲ್ಲ ಮಾವ ಎಂದೇ ಕರೆಯುವುದು. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿಕೊಂಡು ಬಂದಿದ್ದರು. ರಿಪೋರ್ಟಿನಲ್ಲಿ ‘ಇಎಫ್ 60%’ ಎಂದಿತ್ತು. ಅವರು ತಾವೇ ಲೆಕ್ಕ ಹಾಕಿದ್ದರು. ನೂರರಲ್ಲಿ ಅರುವತ್ತು, ಅಂದರೆ ನಲುವತ್ತು ಹೋಯಿತು. ಮೂರು ವಾರದಿಂದ ಮೆಟ್ಟಿಲು ಹತ್ತುವುದು ಬಿಟ್ಟಿದ್ದರು. ಸಂಜೆ ಕದ್ರಿ ಪಾರ್ಕಿಗೆ ಹೋಗುವುದು ಬಿಟ್ಟಿದ್ದರು. ಮಗಳು ದುಬೈಯಿಂದ ಫೋನ್ ಮಾಡಿದರೆ ದನಿ ಏರಿಸುತ್ತಿರಲಿಲ್ಲ, ಹಾರ್ಟಿಗೆ ಲೋಡ್ ಆಗ್ತದೆ ಅಂತ.

ಹೃದಯದ ಎಡಕೋಣೆ ಒಂದು ಸಲ ಹಿಂಡಿಕೊಂಡಾಗ ಒಳಗಿದ್ದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ, ಅದೇ ಇಎಫ್. ಪೂರ್ತಿ ಖಾಲಿ ಆಗುವ ಹೃದಯ ಯಾರಿಗೂ ಇಲ್ಲ. 55ರಿಂದ 70ರವರೆಗೆ ಇದ್ದರೆ ಒಳ್ಳೆಯದೇ. ನಾನು ಇದನ್ನು ಎಷ್ಟು ವಿವರಿಸಿದರೂ ಮಾವ ಅನುಮಾನದಿಂದಲೇ ನೋಡುತ್ತಿದ್ದರು. ಅರ್ಥ ಮಾಡಿಸಿದ್ದು ಅತ್ತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ತೆಂಗಿನಕಾಯಿ ಹಾಲು ಹಿಂಡಿದ ಹಾಗೆ ಅಲ್ವಾ? ಒಂದು ಸಲ ಹಿಂಡಿದ್ರೆ ಇದ್ದ ಹಾಲೆಲ್ಲ ಬರ್ತದಾ? ಮುಷ್ಟಿ ಗಟ್ಟಿ ಉಂಟಾ ಅಂತ ನೋಡುದು. ನಿಮ್ಮದು ಗಟ್ಟಿ ಉಂಟಂತೆ, ಏಳಿ.” ಮಾವ ಎದ್ದರು. ಇಷ್ಟು ಒಳ್ಳೆಯ ವಿವರಣೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಅದೇ ರಿಪೋರ್ಟಿನಲ್ಲಿ ‘ಟ್ರಿವಿಯಲ್ ಟಿಆರ್’ ಅಂತಲೂ ಇತ್ತು. ಕವಾಟದ ಹತ್ತಿರ ಲೆಕ್ಕಕ್ಕಿಲ್ಲದಷ್ಟು ರಕ್ತ ಹಿಂದಕ್ಕೆ ಬರುತ್ತದೆ ಎಂದು. ಆರೋಗ್ಯವಾಗಿರುವ ಎಷ್ಟೋ ಜನರಿಗೆ ಅದು ಇರುತ್ತದೆ. ಆದರೆ ‘ಹಾರ್ಟಿನಲ್ಲಿ ಲೀಕ್ ಉಂಟಂತೆ’ ಎಂದು ಒಮ್ಮೆ ಬಾಯಿಗೆ ಬಂದರೆ ಮುಗಿಯಿತು, ಮಗಳ ಗಂಡನ ಮನೆಯವರೆಗೂ ಸುದ್ದಿ ಮುಟ್ಟುತ್ತದೆ. ರಕ್ತ ಪರೀಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವ ಅಂಕೆಗಳ ಕಥೆಯೂ ಹೀಗೆಯೇ. ಸಾಮಾನ್ಯವಾಗಿ ಆರೋಗ್ಯವಂತರ ನೂರರಲ್ಲಿ 95 ಮಂದಿ ಹಿಡಿಯುವ ಹಾಗೆ ‘ನಾರ್ಮಲ್’ ಗೆರೆ ಎಳೆದಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದವರಲ್ಲೂ ಇಪ್ಪತ್ತಕ್ಕೆ ಒಬ್ಬರು ಗೆರೆ ದಾಟುತ್ತಾರೆ. ಪ್ಯಾಕೇಜ್ ಅಂತ ಇಪ್ಪತ್ತು ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಒಂದಾದರೂ ದಪ್ಪ ಅಕ್ಷರ ಬರುವ ಸಾಧ್ಯತೆಯೇ ಜಾಸ್ತಿ. ಇದನ್ನು ರಿಪೋರ್ಟಿನ ಅಡಿಯಲ್ಲಿ ಎರಡು ಸಾಲು ಹಾಕಿದರೆ ಎಷ್ಟೋ ಜನರ ಮಂಡೆ ಬೆಚ್ಚ ಕಡಿಮೆ ಆದೀತು.

‘ನೆಗೆಟಿವ್’ ಶಬ್ದಕ್ಕೆ ಮಾತ್ರ ಈಗ ಯಾರೂ ಹೆದರುವುದಿಲ್ಲ. ಕೊರೊನಾ ಕಲಿಸಿತು. ಮೊದಲು ಬಯಾಪ್ಸಿ ನೆಗೆಟಿವ್ ಅಂದರೆ ಅಳುತ್ತಿದ್ದರು. 2020, 21ರ ಆ ಎರಡು ವರ್ಷದಲ್ಲಿ ಮೀನು ಮಾರುವವರಿಂದ ಹಿಡಿದು ಬಸ್ ಕಂಡಕ್ಟರವರೆಗೆ ಎಲ್ಲರೂ ಪಾಸಿಟಿವ್, ನೆಗೆಟಿವ್, ಸ್ಯಾಚುರೇಶನ್ ಕಲಿತರು. ಯಾರೂ ಕ್ಲಾಸ್ ಮಾಡಲಿಲ್ಲ. ಜನರಿಗೆ ಅರ್ಥ ಆಗುವುದಿಲ್ಲ, ಹೇಳಿ ಏನು ಪ್ರಯೋಜನ ಎನ್ನುವವರನ್ನು ನಾನು ನಂಬದಿರುವುದು ಇದಕ್ಕೇ.

ಈಗ ದೊಡ್ಡಮ್ಮನ ವಿಷಯ.

ಮೊದಲ ಸಲ ಅವರು ಅಡ್ಮಿಟ್ ಆದದ್ದು ಜ್ವರ, ವಾಂತಿ, ಮೂತ್ರದ ಸೋಂಕಿಗೆ. ಶುಗರ್ ಹದಿನೈದು ವರ್ಷದಿಂದ ಉಂಟು. ನೀರಿನಂಶ ಕಡಿಮೆಯಾಗಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಕ್ರಿಯಾಟಿನಿನ್ 2.4ಕ್ಕೆ ಏರಿ, ಐದು ದಿನದಲ್ಲಿ 1.6ಕ್ಕೆ ಇಳಿಯಿತು. ಆಸ್ಪತ್ರೆಯ ಹೆಸರು ಬೇಡ. ಚಿಕಿತ್ಸೆಯಲ್ಲಿ ತಪ್ಪು ಹುಡುಕಲಿಕ್ಕೆ ನನ್ನ ಬಳಿ ಏನೂ ಇಲ್ಲ, ಚೆನ್ನಾಗಿಯೇ ನೋಡಿಕೊಂಡರು.

ಡಿಸ್ಚಾರ್ಜ್ ದಿನ ಹೇಗಿರುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಬೆಳಿಗ್ಗೆ ರೌಂಡ್ಸಿನಲ್ಲಿ ‘ಇವತ್ತು ಮನೆಗೆ ಹೋಗಬಹುದು’ ಎನ್ನುತ್ತಾರೆ. ಇನ್ಶೂರೆನ್ಸ್ ಒಪ್ಪಿಗೆ ಬರುವಾಗ ಸಂಜೆ ನಾಲ್ಕು. ಅಷ್ಟರಲ್ಲಿ ಮನೆಯವರಲ್ಲಿ ಒಬ್ಬರು ಬಿಲ್ ಕೌಂಟರಿನಲ್ಲಿ, ಒಬ್ಬರು ಮೆಡಿಕಲ್‌ನಲ್ಲಿ, ಒಬ್ಬರು ರಿಕ್ಷಾ ಹುಡುಕಲಿಕ್ಕೆ. ಮಂಚದ ಹತ್ತಿರ ಉಳಿಯುವುದು ರೋಗಿ ಮತ್ತು ಗಂಟುಮೂಟೆ. ಆ ಹೊತ್ತಿಗೆ ಸಿಸ್ಟರ್ ಬಂದು ಮಾತ್ರೆ ವಿವರಿಸುತ್ತಾರೆ. “ಇದು ಬಿಡಿ, ಇದು ಓಡಿ, ಇದು ಎಚ್‌ಎಸ್. ಆಯ್ತಾ?”

ಬಿಡಿ ಎಂದರೆ ದಿನಕ್ಕೆ ಎರಡು ಸಲ, ಓಡಿ ಎಂದರೆ ಒಂದು ಸಲ, ಎಚ್‌ಎಸ್ ಎಂದರೆ ಮಲಗುವ ಮುಂಚೆ. ಎಲ್ಲ ಲ್ಯಾಟಿನ್. ಕನ್ನಡದ ಕಿವಿಗೆ ಮೊದಲನೆಯದನ್ನು ಬಿಡಬೇಕು, ಎರಡನೆಯದನ್ನು ಹಿಡಿದುಕೊಂಡು ಓಡಬೇಕು. ದೊಡ್ಡಮ್ಮನಿಗಂತೂ ಬಿಡಿ ಅಂದದ್ದು ಬೀಡಿ ಅಂತಲೇ ಕೇಳಿತಂತೆ. ಇಷ್ಟಾಗಿಯೂ ಮಾತ್ರೆ ತಪ್ಪಲಿಲ್ಲ. ಮೆಡಿಕಲ್‌ನ ಹುಡುಗ ಕವರಿನ ಮೇಲೆ 1-0-1 ಎಂದು ಬರೆದಿದ್ದ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಮ್ಮ ವೈದ್ಯಕೀಯ ಬರಹದಲ್ಲಿ ಎಲ್ಲರಿಗೂ ಅರ್ಥ ಆಗುವ ಒಂದೇ ಒಂದು ವಸ್ತು ಇದ್ದರೆ ಅದು ಈ 1-0-1. ಕಂಡುಹಿಡಿದವರ ಕಾಲಿಗೆ ಬೀಳಬೇಕು.

ಸಂಜೆ ನಾನು ಸಮ್ಮರಿ ಓದಿದೆ. ಪೂರ್ತಿ ಓದಿದೆ. ಕೊನೆಯ ಪುಟದಲ್ಲಿ, ಊಟದ ಸೂಚನೆಯ ಕೆಳಗೆ, ಎರಡು ಸಾಲು. ಒಂದರಲ್ಲಿ 1/52. ಇನ್ನೊಂದು ‘ಅವಾಯ್ಡ್ ಎನ್‌ಎಸ್‌ಎಐಡಿಸ್’. ನನಗೆ ಎರಡೂ ಗೊತ್ತಿತ್ತು. ಆ ಐದಕ್ಷರವನ್ನು ನಾನು ಸಾವಿರ ಸಲ ಟೈಪ್ ಮಾಡಿದ್ದೇನೆ. ಸ್ಪೆಲ್ಲಿಂಗ್ ಸರಿ ಉಂಟು ಎಂದು ಕಣ್ಣು ಮುಂದಕ್ಕೆ ಹೋಯಿತು. “ಎಲ್ಲ ಸರಿ ಉಂಟು ದೊಡ್ಡಮ್ಮ, ನೀರು ಚೆನ್ನಾಗಿ ಕುಡೀರಿ” ಎಂದು ಹೇಳಿ ಮಂಗಳೂರಿನ ಬಸ್ಸು ಹತ್ತಿದೆ.

ಎನ್‌ಎಸ್‌ಎಐಡಿ ಎಂದರೆ ನೋವಿನ ಮಾತ್ರೆಗಳ ಒಂದು ಗುಂಪು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಹೀಗೆ. ಕಿಡ್ನಿಗೆ ಹೋಗುವ ರಕ್ತ ಇವುಗಳಿಂದ ಕಡಿಮೆ ಆಗುತ್ತದೆ. ಗಟ್ಟಿಮುಟ್ಟಾದವರು ಎರಡು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ದೇಹ ತಡೆದುಕೊಳ್ಳುತ್ತದೆ. ಮೊದಲೇ ಪೆಟ್ಟು ತಿಂದ ಕಿಡ್ನಿ ತಡೆಯುವುದಿಲ್ಲ. ಮನೆಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ. ಮಂಡಿ ನೋವಿಗೆ ಅಂತ ಮೆಡಿಕಲ್‌ನಲ್ಲಿ ಕೇಳಿ ತರುತ್ತೀರಲ್ಲ, ಆ ಮಾತ್ರೆ, ಅದು ಬೇಡವೇ ಬೇಡ.

ಮೂವತ್ತು ವರ್ಷ ಕಾಲು ಮಡಚಿ ಕೂತು ಬೀಡಿ ಕಟ್ಟಿದವರಿಗೆ ಮಂಡಿ ನೋವು ಬಾರದೆ ಇರುತ್ತದಾ? ಐದು ದಿನ ಮಂಚದಲ್ಲಿ ಮಲಗಿ ಬಂದು, ಮಳೆ ಬೇರೆ ಜೋರು, ನೋವು ಹೆಚ್ಚಾಯಿತು. ಡಬ್ಬದಲ್ಲಿ ಹಳೆ ಮಾತ್ರೆ ಇತ್ತು. ಮುಗಿದಾಗ ಇನ್ನೊಂದು ಸ್ಟ್ರಿಪ್ ತರಿಸಿದರು. ದಿನಕ್ಕೆ ಎರಡು. ಆಸ್ಪತ್ರೆಯವರು ಕೊಟ್ಟ ಮಾತ್ರೆಯ ಜೊತೆಗೇ, ಅದೇ ಶಿಸ್ತಿನಲ್ಲಿ, 1-0-1.

ಎರಡನೇ ಸಲ ಕ್ರಿಯಾಟಿನಿನ್ 3.1. ಎಮರ್ಜೆನ್ಸಿಯಲ್ಲಿದ್ದ ಹುಡುಗ ಡಾಕ್ಟರು ಸಮ್ಮರಿ ತಿರುವಿ ಹಾಕಿ ಕೇಳಿದರು, “ನೋವಿನ ಮಾತ್ರೆ ತೆಗೊಳ್ಬಾರ್ದು ಅಂತ ಬರೆದಿದೆಯಲ್ಲ?” ಬರೆದಿತ್ತು. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಡಾಕ್ಟರು ಚೀಟಿಯನ್ನು ಓದಲು ಬರುವ ಹಾಗೆ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು, ಔಷಧಿಯ ಜನರಿಕ್ ಹೆಸರು ಹಾಕಬೇಕು ಎಂದು 2016ರಲ್ಲಿ ನಿಯಮ ಬಂತು. ದೊಡ್ಡಮ್ಮನ ಕಾಗದದಲ್ಲೂ ಎಲ್ಲ ಹಾಗೆಯೇ ಇತ್ತು. ಕಂಪ್ಯೂಟರ್ ಪ್ರಿಂಟು, ಕ್ಯಾಪಿಟಲ್ ಅಕ್ಷರ, ಒಂದು ಚುಕ್ಕೆ ತಪ್ಪಿಲ್ಲ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರಿಂದಲೇ ಉಂಟು. ನಮಗೆ ಕೇಳದೆಯೇ ಕೊಟ್ಟಿದ್ದರು.

ಆ ಕಾಗದ ಯಾರಿಗಾಗಿ ಬರೆದದ್ದು ಎಂದು ನಾನು ಯೋಚಿಸಲು ಶುರು ಮಾಡಿದ್ದು ಅಂದು ರಾತ್ರಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು. ಒಂದು, ಮುಂದೆ ನೋಡುವ ಡಾಕ್ಟರಿಗೆ. ಎರಡು, ಇನ್ಶೂರೆನ್ಸಿನವರಿಗೆ. ಅವರಿಬ್ಬರಿಗೂ ಅದು ಸರಿಯಾಗಿಯೇ ಇತ್ತು. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಬಂದ ರೋಗಿಯ ಕಾಗದವನ್ನು ಆ ಹುಡುಗ ಡಾಕ್ಟರು ಅರ್ಧ ನಿಮಿಷದಲ್ಲಿ ಓದಿ ಮುಗಿಸಿದ್ದು ಆ ಗುಟ್ಟಿನ ಭಾಷೆಯ ದೆಸೆಯಿಂದಲೇ. ಅದನ್ನು ತೆಗೆದುಹಾಕಿ ಎಲ್ಲ ಬಿಡಿಸಿ ಬರೆಯಿರಿ ಎಂದರೆ ನಮಗೇ ನಷ್ಟ. ಅದು ಹಾಗೆಯೇ ಇರಲಿ. ಆದರೆ ಮೂರನೆಯವರಿಗೆ, ಕಾಯಿಲೆ ಯಾರ ಮೈಯಲ್ಲಿದೆಯೋ ಅವರಿಗೆ, ಒಂದು ಪುಟ ಬೇರೆ ಬೇಕು. ಬ್ರಿಟನ್ನಿನಲ್ಲಿ 2018ರಲ್ಲಿ ಅಲ್ಲಿನ ವೈದ್ಯರ ರಾಯಲ್ ಕಾಲೇಜುಗಳ ಒಕ್ಕೂಟವೇ ಡಾಕ್ಟರುಗಳಿಗೆ ಹೇಳಿತು, ಹೊರರೋಗಿಗಳ ಬಗ್ಗೆ ಪತ್ರ ಬರೆಯುವಾಗ ಇನ್ನೊಬ್ಬ ಡಾಕ್ಟರಿಗೆ ಬರೆಯಬೇಡಿ, ನೇರವಾಗಿ ರೋಗಿಗೇ ಬರೆಯಿರಿ, ಅದರ ಪ್ರತಿ ಡಾಕ್ಟರಿಗೆ ಹೋಗಲಿ ಎಂದು. ‘ಇವರಿಗೆ’ ಎಂದು ಬರೆಯುವ ಕೈ ‘ನಿಮಗೆ’ ಎಂದು ಬರೆಯಲು ಹೊರಟರೆ ಶಬ್ದಗಳು ತಾವಾಗಿ ಬದಲಾಗುತ್ತವೆ, ಅಲ್ವಾ?

ನಮ್ಮಲ್ಲಿ ಕಷ್ಟ ಒಂದು ಮೆಟ್ಟಿಲು ಜಾಸ್ತಿ. ಮಣಿಪಾಲದಲ್ಲಿ ಕೆಎಂಸಿ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಆಮೇಲೆ ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಯಲ್ಲಿ ಹೋಟೆಲಿಗೆ ಸರಿಸಮ ಲ್ಯಾಬು, ಆಸ್ಪತ್ರೆ ಬಂದವು. ಕಾಗದ ಇಂಗ್ಲಿಷಿನಲ್ಲಿ, ಡಾಕ್ಟರ ಮಾತು ಕನ್ನಡದಲ್ಲಿ, ರೋಗಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಕಾಸರಗೋಡಿನಿಂದ ಬಂದವರಾದರೆ ಮಲಯಾಳ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಕೊಡಪಾನದ ನೀರಿನ ಹಾಗೆ ಸ್ವಲ್ಪ ಸ್ವಲ್ಪ ಚೆಲ್ಲುತ್ತದೆ.

ಕನ್ನಡಕ್ಕೆ ಅನುವಾದ ಮಾಡಿಬಿಟ್ಟರೆ ಆಯಿತು ಎನ್ನುವವರಿದ್ದಾರೆ. ನಾನು ಮೊಬೈಲಿನಲ್ಲಿ ಮಾಡಿ ನೋಡಿದೆ. ಆಪರೇಶನ್ ಇಲ್ಲದೆ ಔಷಧಿಯಲ್ಲೇ ನೋಡಿಕೊಂಡರು ಎನ್ನಲು ಡಾಕ್ಟರುಗಳು ‘ಮ್ಯಾನೇಜ್ಡ್ ಕನ್ಸರ್ವೇಟಿವ್ಲಿ’ ಎಂದು ಬರೆಯುತ್ತಾರೆ. ಅದು ‘ಸಂಪ್ರದಾಯಬದ್ಧವಾಗಿ ನಿರ್ವಹಿಸಲಾಯಿತು’ ಎಂದು ಬಂತು. ದೊಡ್ಡಮ್ಮನಿಗೆ ದೇವಸ್ಥಾನದ ಪ್ರಸಾದ ಕೊಟ್ಟು ಗುಣ ಮಾಡಿದ ಹಾಗೆ. ಆ ಐದಕ್ಷರ ಮಾತ್ರ ಹಾಗೆಯೇ ಇಂಗ್ಲಿಷಿನಲ್ಲಿ ಉಳಿಯಿತು. ಮನುಷ್ಯರು ಮಾಡಿದ ಅನುವಾದವೂ ಕೆಲವೊಮ್ಮೆ ಹೀಗೆ. ಆಪರೇಶನ್ನಿಗೆ ಸಹಿ ಹಾಕಿಸುವ ಕನ್ನಡ ಫಾರಂ ನೋಡಿದ್ದೀರಾ? ಮೂತ್ರಪಿಂಡ, ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ. ಕಿಡ್ನಿ, ಲಿವರ್ ಎಂದರೆ ನಮ್ಮ ಊರಿನ ಕೋಳಿ ಅಂಗಡಿಯವರಿಗೂ ಗೊತ್ತು. ಅರಿವಳಿಕೆ ಎಂಬ ಶಬ್ದ ಕೇಳಲು ಎಷ್ಟು ಚಂದ. ಆದರೆ ಥಿಯೇಟರಿನ ಹೊರಗೆ ಹಸಿರು ಗೌನ್ ಹಾಕಿಕೊಂಡು ನಡುಗುತ್ತಿರುವವರಿಗೆ ‘ನಿಮಗೆ ಗೊತ್ತಾಗದ ಹಾಗೆ ಮಂಪರಿನ ಇಂಜೆಕ್ಷನ್ ಕೊಡ್ತೇವೆ’ ಎನ್ನಬೇಕಷ್ಟೇ.

ದಾಖಲೆಗಳೆಲ್ಲ ಈಗ ಮೊಬೈಲಿಗೂ ಬರುತ್ತಿವೆ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ಬೇಕೆಂದವರಿಗೆ 14 ಅಂಕೆಯ ಆಭಾ ಎಂಬ ಆರೋಗ್ಯ ನಂಬರ್. ಒಳ್ಳೆಯದೇ. ಜವಳಿ ಚೀಲ ಮಳೆಗೆ ಒದ್ದೆಯಾಗುವ ಭಯ ಇಲ್ಲ. ಒಳಗಿರುವ 1/52 ಮಾತ್ರ 1/52 ಆಗಿಯೇ ಇರುತ್ತದೆ.

ಎರಡನೇ ಸಲ ಮನೆಗೆ ಕಳಿಸುವ ಮೊದಲು ಕಿಡ್ನಿ ಡಾಕ್ಟರು ಬಂದರು. ತುಳು ಬಲ್ಲವರು. ನೋವಿನ ಮಾತ್ರೆ ಯಾಕೆ ಬೇಡ ಎಂದು ಸಮಾಧಾನದಲ್ಲಿ ಹೇಳಿದರು. ದೊಡ್ಡಮ್ಮ ತಲೆ ಆಡಿಸುತ್ತಾ ಹೋದರು. ನಮ್ಮ ಕಡೆ ‘ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಎನ್ನುವುದು ಉಸಿರಾಡಿದಷ್ಟು ಸಲೀಸು. ಆದರೆ ಅವರು ಆಯ್ತಾ ಎಂದು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, “ಅಮ್ಮ, ನಾಡಿದ್ದು ರಾತ್ರಿ ಮಂಡಿ ನೋವು ಜೋರಾಗ್ತದೆ. ಎಂತ ಮಾಡ್ತೀರಿ?” ಎಂದರು.

“ಮಾತ್ರೆ ತೆಗೊಳ್ತೇನೆ.”

ನಾನು ಹಣೆ ಚಚ್ಚಿಕೊಂಡೆ. ಡಾಕ್ಟರು ಚಚ್ಚಿಕೊಳ್ಳಲಿಲ್ಲ. “ಯಾವ ಮಾತ್ರೆ?” ದೊಡ್ಡಮ್ಮ ಸೆರಗಿನ ತುದಿ ಬಿಚ್ಚಿದರು. ಅಲ್ಲಿ ಒಂದು ಸ್ಟ್ರಿಪ್ ಇತ್ತು, ಮೂರು ಉಳಿದಿದ್ದವು. ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು, “ಇದೇ. ನಾನು ಇಷ್ಟು ಹೊತ್ತು ಹೇಳಿದ್ದು ಇದನ್ನೇ” ಎಂದರು. ಆಗ ದೊಡ್ಡಮ್ಮನ ಮುಖ ನೋಡಬೇಕಿತ್ತು. ಅವರ ಮನಸ್ಸಿನಲ್ಲಿ ‘ನೋವಿನ ಮಾತ್ರೆ’ ಎಂದರೆ ಆಸ್ಪತ್ರೆಯವರು ಕೊಡುವ ಯಾವುದೋ ದೊಡ್ಡ ಮಾತ್ರೆ. ಇದು ಅವರಿಗೆ ಮಾತ್ರೆಯೇ ಅಲ್ಲ. ಅಮೃತಾಂಜನದ ಹಾಗೆ, ಮನೆಯಲ್ಲಿ ಇರುವ ವಸ್ತು.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ನಿಧಾನಕ್ಕೆ ಬಂತು. “ಬಿಸಿನೀರಿನ ಚೀಲ ಇಡ್ತೇನೆ. ಆಗದಿದ್ರೆ ನೀವು ಬರೆದು ಕೊಟ್ಟ ಪ್ಯಾರಾಸಿಟಮಾಲ್ ಒಂದು. ಅದರಲ್ಲೂ ಆಗದಿದ್ರೆ ಇವಳತ್ರ ಫೋನ್ ಮಾಡಿಸ್ತೇನೆ.” ಎಲ್ಲ ಸೇರಿ ಐದು ನಿಮಿಷ ಆಗಿರಬಹುದು.

ಅಂದು ಸಂಜೆ ನಾನು ಒಂದು ಹಾಳೆಯಲ್ಲಿ ದಪ್ಪ ಪೆನ್ನಿನಿಂದ, ಕನ್ನಡ ಲಿಪಿಯಲ್ಲಿ, ತುಳುವಿನಲ್ಲಿ ಬರೆದೆ. ‘ಕಾರ್ ಬೇನೆದ ಮಾತ್ರೆ ಬೊಡ್ಚಿ. ಕಿಡ್ನಿಗ್ ಆಪುಜಿ.’ ಕಾಲು ನೋವಿನ ಮಾತ್ರೆ ಬೇಡ, ಕಿಡ್ನಿಗೆ ಆಗುವುದಿಲ್ಲ. ಅದರ ಕೆಳಗೆ ಟೆಸ್ಟ್ ಮಾಡಿಸಬೇಕಾದ ತಾರೀಕು ಮತ್ತು ವಾರ. ಖಾಲಿ ಸ್ಟ್ರಿಪ್ ಒಂದನ್ನು ಪಕ್ಕದಲ್ಲಿ ಅಂಟಿಸಿ ಕೆಂಪು ಅಡ್ಡಗೆರೆ ಹಾಕಿದೆ. ಆರು ವರ್ಷದಲ್ಲಿ ನಾನು ಟೈಪ್ ಮಾಡಿದ ಲಕ್ಷಗಟ್ಟಲೆ ಸಾಲುಗಳಲ್ಲಿ ಒಂದನ್ನಾದರೂ ಅದರ ರೋಗಿ ಓದಿದ್ದಾರೋ ಇಲ್ಲವೋ. ಈ ಎರಡು ಸಾಲನ್ನು ದೊಡ್ಡಮ್ಮ ನನ್ನೆದುರೇ ಗಟ್ಟಿಯಾಗಿ ಓದಿದರು.

ಕ್ರಿಯಾಟಿನಿನ್ 1.8ಕ್ಕೆ ಬಂದು ನಿಂತಿದೆ. ಮೊದಲಿನ 1.6ಕ್ಕೆ ಇಳಿದಿಲ್ಲ.

ಮೊನ್ನೆ ದೀಪಾವಳಿಗೆ ಹೋದಾಗ ಚಾವಡಿಯಲ್ಲಿ ಆಚೆಮನೆಯ ಹೆಂಗಸು ಕೂತಿದ್ದರು, ಮಡಿಲಲ್ಲಿ ಅವರದೊಂದು ಚೀಲ. ದೊಡ್ಡಮ್ಮ ಕನ್ನಡಕ ಮೂಗಿಗೆ ಇಳಿಸಿ ಚೀಟಿಯನ್ನು ದೂರ ಹಿಡಿದು ನೋಡುತ್ತಿದ್ದರು. “ಒಂದು ಬೈ ಹನ್ನೆರಡು. ವರ್ಷಕ್ಕೆ ಹನ್ನೆರಡು ತಿಂಗಳಲ್ವಾ? ಒಂದು ತಿಂಗಳು ಬಿಟ್ಟು ಬರಲಿಕ್ಕೆ ಹೇಳಿದ್ದಾರೆ ನಿನ್ನನ್ನು.” ಆಮೇಲೆ ನನ್ನ ಕಡೆ ತಿರುಗಿದರು. “ಇಲ್ಲೊಂದು ಕಡೆ ಒಂದು ಬೈ ಎರಡು ಅಂತ ಉಂಟು. ಅದು ಎಂತದರ ಲೆಕ್ಕ?”

“ಅದು ಅರ್ಧ ಮಾತ್ರೆ ದೊಡ್ಡಮ್ಮ.”

“ಹೋ. ಅರ್ಧ ಅಂದ್ರೆ ಅರ್ಧವೇ?”